ಒಂದು ಪ್ಯಾರಾ ಓದಿ, ಪಕ್ಕದವರಿಗೆ ಕೊಡಿ

ನನ್ನ ಅಣ್ಣನಿಗೆ ಸ್ಕಿಜೋಫ್ರೇನಿಯಾ ಎಂದು ಡಾಕ್ಟರು ಹೇಳಿದಾಗ ಆ ಪದ ನಮ್ಮ ಮನೆಯಲ್ಲಿ ಯಾರ ನಾಲಿಗೆಯಲ್ಲೂ ಹೊರಳಲಿಲ್ಲ. ಅಪ್ಪ ಅದಕ್ಕೆ ‘ನರಗಳ ನಿಶ್ಶಕ್ತಿ’ ಎಂದು ಹೆಸರಿಟ್ಟರು. ಆರ್.ಟಿ. ನಗರದ ನಮ್ಮ ಬೀದಿಯವರು ಇಟ್ಟ ಹೆಸರೇ ಬೇರೆ. ಎಂಬತ್ತರ ದಶಕದ ಮೊದಲ ವರ್ಷಗಳವು. ಕೆಲಸ ಬಿಟ್ಟು ಬಂದ ಅಣ್ಣ ಕಿಟಕಿಗೆ ಬೆನ್ನು ಹಾಕಿ ಕೂತವನು ಎರಡು ವರ್ಷ ಹೆಚ್ಚುಕಮ್ಮಿ ಮಾತೇ ಆಡಲಿಲ್ಲ. ಕಿವಿಯಲ್ಲಿ ಯಾರೋ ಬೈಯುತ್ತಾರೆ ಎಂದು ಒಮ್ಮೆ ನನ್ನೊಬ್ಬಳಿಗೆ ಹೇಳಿದ್ದ.

ಹೆಬ್ಬಾಳದ ಕಡೆ ಒಂದು ಬಾಡಿಗೆ ಮನೆಯಲ್ಲಿ ಇಂಥವರು ಹಗಲು ಹೊತ್ತು ಸೇರುವ ಕೇಂದ್ರವಿತ್ತು. ಗುರುವಾರ ಮಧ್ಯಾಹ್ನ ಅಲ್ಲಿ ಓದು; ಅಣ್ಣನನ್ನು ನಾನು ಕರೆದುಕೊಂಡು ಹೋಗುತ್ತಿದ್ದೆ. ಎಂಟು ಜನ ಚಾಪೆಯ ಮೇಲೆ ದುಂಡಗೆ ಕೂರುವರು, ಎಲ್ಲರಿಗೂ ಸೇರಿ ಒಂದೇ ಕಥೆಪುಸ್ತಕ. ನಡೆಸುತ್ತಿದ್ದ ಮೇಡಂ ಮಾಡಿದ ನಿಯಮ ಇಷ್ಟೇ: ಒಂದು ಪ್ಯಾರಾ ಓದಿ ಪಕ್ಕದವರಿಗೆ ಕೊಡಬೇಕು, ಇಷ್ಟವಿಲ್ಲದವರು ಓದದೆ ದಾಟಿಸಬಹುದು. ಕಾಯಿಲೆಯ ಮಾತು ಯಾರೂ ಎತ್ತುವಂತಿಲ್ಲ. ಮನೆಯಲ್ಲಿ ಉರ್ದು ಮಾತಾಡುವ ಟೈಲರೊಬ್ಬರು ಪ್ರತಿಸಲ ದಾಟಿಸಿ, ಕಥೆಗೆ ಮಾತ್ರ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಅಣ್ಣನೂ ಮೂರು ತಿಂಗಳು ದಾಟಿಸಿದ. ಆಮೇಲೊಂದು ಗುರುವಾರ, ವರಾಂಡದಲ್ಲಿ ಕಾಯುತ್ತಿದ್ದ ನನಗೆ ಒಳಗಿನಿಂದ ಅವನ ದನಿ ಕೇಳಿತು. ಒಂದು ಒತ್ತಕ್ಷರವೂ ತಪ್ಪದೆ ಓದುತ್ತಿದ್ದ. ಅಯ್ಯೋ ದೇವರೇ, ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟೆ. ವಾಪಸ್ ಬರುವಾಗ ಬಸ್ಸಿನಲ್ಲಿ, “ಓದ್ತಿರುವಾಗ ಅವರು ಬೈಯಲ್ಲ ಕಣೇ,” ಎಂದ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ನಮಗೆಲ್ಲಿ ಬುದ್ಧಿ! ಯಶವಂತಪುರದಿಂದ ನನಗೊಂದು ಸಂಬಂಧ ಬಂತು. ಹುಡುಗಿಯ ಅಣ್ಣನಿಗೆ ತಲೆ ಸರಿ ಇಲ್ಲವಂತಲ್ಲ ಎಂದು ಮಧ್ಯಸ್ಥರ ಕೈಲಿ ಕೇಳಿಸಿದ್ದರು. ಹೆಣ್ಣು ನೋಡಲು ಬರುವ ದಿನ ಅಣ್ಣನನ್ನು ಚಿಕ್ಕಪ್ಪನ ಮನೆಗೆ ಕಳಿಸೋಣ ಎಂದು ಅಪ್ಪ ಅಂದರು. ಬೇಡ ಅಂದವಳು ನಾನೇ.

“ಅವರ ಮುಂದೇನೇ ಓದಲಿ ಅಪ್ಪಾ. ಅವನು ಓದೋದು ಕೇಳಿದ್ಮೇಲೆ ಯಾರು ಹಂಗಂತಾರೆ?”

ಅಣ್ಣನ ಮೇಲಿನ ಅಕ್ಕರೆ ಅಂದುಕೊಂಡಿದ್ದೆ. ಅಕ್ಕರೆಯಂತೆ, ಮಣ್ಣು! ಮದುವೆಯ ಆಸೆ ಅದು. ಮೇಡಂ ಹತ್ತಿರ ಅದೇ ಪುಸ್ತಕ ಕೇಳಿ ತಂದೆ.

ಉಪ್ಪಿಟ್ಟು, ಕೇಸರಿಬಾತು ಆಯಿತು. ಇಸ್ತ್ರಿ ಶರಟು ತೊಟ್ಟು ಕೂತ ಅಣ್ಣ ಒಂದು ಪ್ಯಾರಾ ಸೊಗಸಾಗಿ ಓದಿದ. ಹುಡುಗನ ತಾಯಿ ತಲೆದೂಗಿದರು, ಅಪ್ಪನ ಮುಖ ಅರಳಿತು. ಓದು ಮುಗಿಸಿದ ಅಣ್ಣ ಪುಸ್ತಕವನ್ನು ಪಕ್ಕದಲ್ಲಿದ್ದ ಹುಡುಗನ ತಂದೆಯ ಕೈಗಿಟ್ಟ.

“ನನಗ್ಯಾಕಪ್ಪಾ?” ಎಂದರು ಅವರು.

“ಈಗ ನೀವು ಒಂದು ಪ್ಯಾರಾ ಓದ್ಬೇಕು. ಬೇಡ ಅಂದ್ರೆ ಪಕ್ಕದವರಿಗೆ ಕೊಡಿ. ಯಾರೂ ಏನೂ ಅಂದ್ಕೊಳ್ಳಲ್ಲ.”

ಅವರು ನಗಬೇಕೋ ಬೇಡವೋ ತಿಳಿಯದೆ ಅಪ್ಪನ ಮುಖ ನೋಡಿ, ಪುಸ್ತಕವನ್ನು ಹೆಂಡತಿಗೆ ಕೊಟ್ಟರು. ಆಕೆ ಬಿಸಿ ಪಾತ್ರೆ ಹಿಡಿದವರ ಹಾಗೆ ಮಗನ ಕೈಗೆ ಹಾಕಿದರು. ಆತ ಎದ್ದು ಬಂದು ನನಗೆ ಕೊಟ್ಟ. ಅಣ್ಣನಿಗೆ ಗಾಬರಿಯೇನೂ ಆಗಿರಲಿಲ್ಲ. ದಾಟಿಸುವುದು ತಪ್ಪಲ್ಲವಲ್ಲ, ಯಾರಾದರೊಬ್ಬರು ಓದಿಯೇ ಓದುತ್ತಾರೆ ಎಂದು ನಂಬಿ ಕೂತಿದ್ದ.

“ಓದೇ,” ಎಂದ ನನಗೆ.

ಒಂದು ಪ್ಯಾರಾ. ಎರಡು ನಿಮಿಷವೂ ಆಗುತ್ತಿರಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಉಕ್ಕಿತು. ಪುಸ್ತಕವನ್ನು ಪಟ್ಟನೆ ಮುಚ್ಚಿ, ಎಂಜಲು ತಟ್ಟೆಗಳ ಜೊತೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಆಮೇಲೆ ತಿಳಿಸುತ್ತೇವೆಂದು ಹೋದವರು ತಿಳಿಸಲೇ ಇಲ್ಲ. “ಆ ಹಾಳು ಓದಿನಿಂದ ಮಾನ ಹೋಯ್ತು,” ಎಂದು ಅಪ್ಪ ಗುರುವಾರಗಳನ್ನು ನಿಲ್ಲಿಸಿದರು. ವಿಚಾರಿಸಲು ಬಂದ ಮೇಡಂಗೆ ಗೇಟಿನಲ್ಲೇ ಪುಸ್ತಕ ಕೊಟ್ಟು, “ಅವನಿಗೆ ಕೆಲಸ ಸಿಕ್ಕಿದೆ,” ಎಂದು ಸುಳ್ಳು ಹೇಳಿದವಳೂ ನಾನೇ. ಒಳಗೆ ಅಣ್ಣ ಇಸ್ತ್ರಿ ಶರಟು ಹಾಕಿಕೊಂಡು ಕಾಯುತ್ತಿದ್ದ. ಅವತ್ತು ಗುರುವಾರ.

ಅವನು ನನ್ನನ್ನು ಕೇಳಿದ್ದು ಒಂದೇ ಸಲ.

“ಅವರೆಲ್ಲ ದಾಟಿಸಿದ್ರು, ಸರಿ. ನೀನ್ಯಾಕೆ ಮುಚ್ಚಿದೆ?”

ಅವನು ಹೋಗಿ ಕಿಟಕಿಗೆ ಬೆನ್ನು ಹಾಕಿ ಕೂತ. ಕಿವಿಯಲ್ಲಿ ಬೈಯುವವರು ಏನನ್ನುತ್ತಾರೆಂದು ಆಮೇಲೆ ನನಗೂ ಹೇಳಲಿಲ್ಲ.