ಬೆನ್ನಿಗೆ ಕೈಯೋ ಕಾಲೋ

ಈ ದೇಶದಲ್ಲಿ ಮನುಷ್ಯನ ಆಯುಷ್ಯದ ಒಂದು ಪಾಲು ಷೂ ಕಟ್ಟುವುದರಲ್ಲಿ, ಇನ್ನೊಂದು ಪಾಲು ಅದನ್ನು ಬಿಚ್ಚುವುದರಲ್ಲಿ ಕಳೆದುಹೋಗುತ್ತದೆ. ಯಾರ ಮನೆಗೆ ಹೋದರೂ ಬಾಗಿಲಲ್ಲೇ ಬಾಗಬೇಕು. ದೇವಸ್ಥಾನದ ಮುಂದೆ ಚಪ್ಪಲಿಯನ್ನು ಕಾಲಿನಿಂದಲೇ ಕೊಡವಿ ನಡೆದುಬಿಡುವ ಸುಖ ಸ್ವೀಡನ್ನಿನ ಚಳಿಗಾಲದ ಬೂಟಿಗೆ ಗೊತ್ತಿಲ್ಲ. ಮನೆಯಲ್ಲಿ ದಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಹೋಗುವ ಮಗುವಿದ್ದರಂತೂ ಬೆಳಗಿನ ಪೂಜೆಯೆಲ್ಲ ಪುಟ್ಟ ಪಾದಗಳಿಗೇ. ಕಳೆದ ಶನಿವಾರ ಮಗಳನ್ನು ಹಿಮದಲ್ಲಿ ಆಡಲು ಹೊರಡಿಸುತ್ತ ಅವಳ ಬೂಟಿನ ಲೇಸು ಹಿಡಿದಿದ್ದಾಗ ನನ್ನ ಬೆನ್ನು ಛಳಕ್ಕೆಂದಿತು. ಬೆನ್ನೆಂಬ ಅವಯವವೊಂದು ನಮ್ಮ ಹಿಂದೆಯೇ ಇದೆಯೆಂಬ ಜ್ಞಾನೋದಯವಾಗುವುದು ಅದು ಹಿಡಿದುಕೊಂಡ ಕ್ಷಣದಲ್ಲೇ. ಅರ್ಧ ಬಾಗಿ ನಿಂತವರಿಗೆ ಬೇರೆ ಕೆಲಸವಿರುವುದಿಲ್ಲವಾದ್ದರಿಂದ ಹಳೆಯದೆಲ್ಲ ನೆನಪಾಗುತ್ತದೆ. ನನಗೆ ನೆನಪಾದದ್ದು ತಂಗಿ ವಿನುತಾಳ ಕಾಲು.

ಅವಳು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ನಾನು ಲೋಕವೆಲ್ಲ ಹುಟ್ಟುವಂತೆ ತಲೆ ಮುಂದಾಗಿ ಬಂದೆ. ಆ ತಲೆ ಹತ್ತನೇ ತರಗತಿಯ ಗಣಿತದಲ್ಲಿ ಹೇಗೆ ಉಪಯೋಗಕ್ಕೆ ಬಂತೆಂಬುದನ್ನು ಇಲ್ಲಿ ಹೇಳುವುದು ಬೇಡ, ಓದು ಅಲ್ಲಿಗೇ ನಿಂತಿತು. ಕಾಲು ಮುಂದಾಗಿ ಹುಟ್ಟಿದವರು ಬೆನ್ನಿಗೆ ಕಾಲು ತಾಗಿಸಿದರೆ ಉಳುಕು ಬಿಡುತ್ತದೆಂಬುದು ನಮ್ಮ ಕಡೆಯ ನಂಬಿಕೆ, ನಿಮಗೂ ಗೊತ್ತಿರಬಹುದು. ಅಪ್ಪನ ಗೋಣಿಚೀಲದ ಅಂಗಡಿ ತಿಪಟೂರಿನ ಕೊಬ್ಬರಿ ಮಂಡಿಯ ಪಕ್ಕದಲ್ಲಿತ್ತು. ಮೂಟೆ ಹೊತ್ತು ಬೆನ್ನು ಉಳುಕಿಸಿಕೊಂಡ ಹಮಾಲಿಗಳು ಬೆಳಿಗ್ಗೆಯೇ ಬಂದು ನಮ್ಮ ಜಗಲಿಯ ಮೇಲೆ ಬೋರಲು ಮಲಗುತ್ತಿದ್ದರು. ಫ್ರಾಕಿನ ವಿನುತಾ ಎಡಗಾಲನ್ನು ಮೆಲ್ಲನೆ ಅವರ ಬೆನ್ನಿಗೆ ಒತ್ತುತ್ತಿದ್ದಳು. ಆಮೇಲೆ ಹಿರಿಯರಿಗೆ ಕಾಲು ತಾಗಿಸಿದ ತಪ್ಪಿಗೆ ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಬಾಳೆಹಣ್ಣು ಅವಳಿಗೆ ಸಿಗುತ್ತಿತ್ತು, ಸಿಪ್ಪೆ ಎಸೆಯುವ ಕೆಲಸ ನನಗೆ. ಒಂದು ಸಲ ಅವಳಿಲ್ಲದಾಗ ನಾನೇ ಕಾಲಿಟ್ಟೆ. ಮಲಗಿದ್ದ ಪುಣ್ಯಾತ್ಮ, “ಅವ್ವಾ, ಇದ್ದ ನೋವೇ ಚೆನ್ನಾಗಿತ್ತು, ಬಿಡವ್ವಾ” ಎಂದ.

ನನ್ನವರಿಗೆ ವೆಸ್ಟೆರಾಸಿನಲ್ಲಿ ವಿದ್ಯುತ್ ಯಂತ್ರಗಳ ಕಂಪನಿಯಲ್ಲಿ ಕೆಲಸವಾಗಿ ನಾವು ಇಲ್ಲಿಗೆ ಬಂದೆವು. ಆಗೆಲ್ಲ ಹೊರದೇಶದವರಿಗೂ ಇಲ್ಲಿ ಓದು ಉಚಿತವಾಗಿದ್ದುದರಿಂದ ವಿನುತಾ ಇಲ್ಲಿಂದ ರೈಲಿನಲ್ಲಿ ಹೋಗಿಬರಬಹುದಾದ ಓರೆಬ್ರೂಗೆ ಓದಲು ಬಂದು ನಮ್ಮಲ್ಲೇ ಉಳಿದಳು. ನಮಗಿಂತ ಚೆನ್ನಾಗಿ ಸ್ವೀಡಿಷ್ ಕಲಿತಳು, ವೃದ್ಧಾಶ್ರಮವೊಂದರಲ್ಲಿ ಬಿಡುವಿನ ಕೆಲಸ ಹಿಡಿದಳು. ಅಲ್ಲಿನ ಮುದುಕರ ಬೆನ್ನುಗಳೇ ಅವಳ ತಲೆ ಕೆಡಿಸಿದವೆಂದು ಕಾಣುತ್ತದೆ. ಆಸ್ಟಿಯೋಪಥಿ ಓದುತ್ತೇನೆಂದು ಹಟ ಹಿಡಿದಳು. ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದಲೇ ತಡವಿ ತಿಳಿದು ಸರಿಪಡಿಸುವ ವೈದ್ಯವಿದ್ಯೆ ಅದು. ಕಾಲೇಜು ದೂರದ ಗೋಥೆನ್‌ಬರ್ಗ್ ಕಡೆ. ಸೀಟು ಸಿಗುವುದು ಸಂದರ್ಶನದಲ್ಲಿ ಗೆದ್ದರೆ ಮಾತ್ರ.

ಸಂದರ್ಶನದ ತಾಲೀಮು ನಡೆದದ್ದು ನಮ್ಮ ಅಡುಗೆಮನೆಯಲ್ಲಿ. ನನ್ನವರಿಗೆ ನಗು ತಡೆಯಲಾಗದ್ದರಿಂದ ಪರೀಕ್ಷಕರ ಪೀಠ ನನಗೆ ಬಂತು. ಅವರ ಕೋಟು ತೊಟ್ಟು, ಹುರುಳಿಕಾಯಿ ಸೋಸುತ್ತ, ನಾನು ಗಂಭೀರವಾಗಿ ಕೇಳಿದೆ: “ಈ ವಿದ್ಯೇನೇ ಯಾಕೆ ಬೇಕಮ್ಮ ನಿನಗೆ?”

ಅವಳು ಹೇಳಿದಳು: “ಚಿಕ್ಕವಳಿದ್ದಾಗ ಹಮಾಲಿಗಳ ಬೆನ್ನಿಗೆ ಕಾಲಿಡ್ತಿದ್ದೆ. ಪವಾಡ ಏನೂ ಇಲ್ಲ ಅಂತ ಆಗ್ಲೇ ಗೊತ್ತಿತ್ತು. ಆದ್ರೆ ಎಲ್ಲಿ ಬಿಗಿದಿದೆ ಅಂತ ಅಂಗಾಲಿಗೆ ತಿಳೀತಿತ್ತು. ನಾನು ಕಾಲಿಡೋ ಮುಂಚೇನೇ ಅವರು ದೊಡ್ಡದಾಗಿ ಉಸಿರು ಬಿಡ್ತಿದ್ರು. ಅರ್ಧ ನೋವು ಅಲ್ಲೇ ಹೋಗ್ತಿತ್ತು. ಅದು ಯಾಕೆ ಅಂತ ಓದಿ ತಿಳ್ಕೋಬೇಕು ನನಗೆ.”

ನನ್ನ ಮೈ ಜುಮ್ಮೆಂದಿತು. ಹೆಚ್ಚು ಓದದವಳಾದರೂ ಒಳ್ಳೆಯ ಮಾತು ಯಾವುದೆಂದು ತಿಳಿಯುತ್ತದೆ. ತಿಳಿದೇ ಹೇಳಿದೆ: “ಅಯ್ಯೋ, ಅದನ್ನ ಮಾತ್ರ ಬಾಯಿ ಬಿಡಬೇಡ ಕಣೇ! ಒದ್ದು ವಾಸಿ ಮಾಡೋ ಜನ ಅಂತ ನಮ್ಮನ್ನ ಆಡ್ಕೋತಾರೆ.” ಅದರ ಬದಲಿಗೆ ಮಾನವಸೇವೆ, ಸಮಾಜ, ಜೀವನದ ಗುರಿ ಎಂದೆಲ್ಲ ಶಾಲೆಯ ಭಾಷಣಸ್ಪರ್ಧೆಗೆ ಒಪ್ಪುವಂಥ ಉತ್ತರವೊಂದನ್ನು ನಾನೇ ಕಟ್ಟಿಕೊಟ್ಟೆ. ಬಾಯಿಪಾಠದಲ್ಲಿ ನಮಗಿರುವ ಶ್ರದ್ಧೆ ನಿಮಗೆ ಗೊತ್ತೇ ಇದೆ. ತಡವರಿಸಿದಲ್ಲೆಲ್ಲ ಹುರುಳಿಕಾಯಿಯಿಂದ ಮೇಜು ಕುಟ್ಟಿ ಮತ್ತೆ ಮೊದಲಿನಿಂದ ಹೇಳಿಸಿದೆ. ಅಕ್ಕನ ಮಾತೆಂದು ಅವಳು ಒಪ್ಪಿದಳು.

ನಾಚಿಕೆಯಿಂದ ಹಾಗೆ ಹೇಳಿದೆನೆಂದು ಬಹಳ ದಿನ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಆದರೆ ನಾಚಿಕೆಯ ಕೆಳಗೆ ಇನ್ನೊಂದು ಪದರವಿತ್ತು. ದಾಗಿಸ್‌ನ ಟೀಚರು ಮಗಳ ಬಗ್ಗೆ ಏನು ಹೇಳಿದರೆಂದು ನನಗೆ ತಿಳಿಸುವವಳು ವಿನುತಾ, ಕೊಮ್ಯೂನ್ ಕಚೇರಿಯಲ್ಲಿ, ಅಂದರೆ ಇಲ್ಲಿನ ನಗರಸಭೆಯಲ್ಲಿ, ನನ್ನ ಬಾಯಾಗುವವಳು ವಿನುತಾ. ಅವಳು ಗೋಥೆನ್‌ಬರ್ಗ್‌ಗೆ ಹೋದರೆ ಈ ದೇಶದಲ್ಲಿ ನಾನು ಮೂಗಿ. ಅವಳು ಗೆಲ್ಲುವುದು ನನಗೆ ಬೇಕಿರಲಿಲ್ಲ.

ಆ ವರ್ಷ ಅವಳಿಗೆ ಸೀಟು ಸಿಗಲಿಲ್ಲ. “ನಿನ್ನ ಉತ್ತರ ಒಂದಕ್ಷರ ತಪ್ಪದೆ ಹೇಳ್ದೆ. ಸಂದರ್ಶನ ಮಾಡಿದ ಆಯಮ್ಮ ನಗ್ತಾ ತಲೆ ಆಡಿಸಿ, ಕಾಫಿ ಬೇಕಾ ಅಂದ್ರು, ಅಷ್ಟೆ” ಎಂದಳು. ಅಂದು ಸಂಜೆ ನಾನು ಒಬ್ಬಟ್ಟು ಮಾಡಿದೆ. ತಂಗಿಯ ಸಮಾಧಾನಕ್ಕೆಂದು ನನ್ನವರು ಮೆಚ್ಚಿಕೊಂಡರು. ಒಬ್ಬಟ್ಟು ಯಾವಾಗ ಮಾಡುವ ಅಡುಗೆಯೆಂಬುದು ಹೂರಣ ರುಬ್ಬಿದ ಕೈಗೆ ಗೊತ್ತಿತ್ತು.

ಮುಂದಿನ ವರ್ಷ ಅವಳು ಮತ್ತೆ ಅರ್ಜಿ ಹಾಕಿದಾಗ ತಾಲೀಮಿಗೆ ನನ್ನನ್ನು ಕರೆಯಲಿಲ್ಲ. ಒಬ್ಬಳೇ ಕಿಟಕಿಯ ಮುಂದೆ ನಿಂತು ಸ್ವೀಡಿಷ್‌ನಲ್ಲಿ ಮಾತಾಡಿಕೊಳ್ಳುತ್ತಿದ್ದಳು. ನಾನು ಹೋಗಿ, ಹಮಾಲಿಗಳ ಮಾತು ಹೇಳು, ಅದೇ ಸರಿಯಾದ ಉತ್ತರವೆಂದು ಕಳೆದ ಸಲವೇ ನನಗೆ ಗೊತ್ತಿತ್ತು ಎಂದೆ, ಉಳಿದದ್ದನ್ನೂ ಹೇಳಿಬಿಟ್ಟೆ. ಅವಳು ತಿರುಗಲಿಲ್ಲ.

“ಗೊತ್ತಿತ್ತಕ್ಕ.”

“ಯಾವಾಗಿಂದ?”

“ಒಬ್ಬಟ್ಟು ತಿಂದಾಗಿಂದ. ಅತ್ತಿದ್ದು ನಾನು, ತುಪ್ಪ ಬಡಿಸೋ ಹುಮ್ಮಸ್ಸು ನಿಂದು.”

ಆ ಸಲ ಅವಳು ಕಾಲಿನ ಕಥೆ ಹೇಳಿದಳು. ಅದೇ ಹೆಂಗಸು ಕಾಫಿಯ ಮಾತೆತ್ತದೆ, ಎಡಗಾಲೇ ಯಾಕೆ ಎಂದು ಕೇಳಿದರಂತೆ. ಸೀಟು ಸಿಕ್ಕಿತು. ಅವಳು ಹೋದ ಮೇಲೆ ದಾಗಿಸ್‌ನ ಬಾಗಿಲಲ್ಲಿ ಮುರುಕು ಸ್ವೀಡಿಷ್ ಆಡಲು ಕಲಿತೆ. ಯಾರೂ ನಗಲಿಲ್ಲ, ಮಗಳೊಬ್ಬಳನ್ನು ಬಿಟ್ಟು.

ಅರ್ಧ ಬಾಗಿ ನಿಂತವಳನ್ನು ಅಲ್ಲೇ ಮರೆತೆನೆಂದುಕೊಳ್ಳಬೇಡಿ. ಆ ಶನಿವಾರ ವಿನುತಾ ರಜೆಗೆ ಬಂದಿದ್ದಳು. ನನ್ನ ನರಳಾಟ ಕೇಳಿ ಟೀ ಲೋಟ ಹಿಡಿದೇ ಬಂದು ನೋಡಿದಳು.

“ಕೈಯೋ ಕಾಲೋ, ಅಕ್ಕಾ?”

ಕೈಯ ವಿದ್ಯೆಯನ್ನು ಅವಳು ಹೇಗೂ ಕಲಿಯುತ್ತಿದ್ದಳು. ಬಾಯಿ ಬಿಡಬೇಡವೆಂದು ನಾನು ಮುಚ್ಚಿಸಿದ್ದು ಕಾಲನ್ನು.

“ಕಾಲೇ ಇಡು” ಎಂದು, ಒದ್ದೆ ಬೂಟುಗಳ ನಡುವೆ ಬೋರಲು ಮಲಗಿದೆ. ಹಿಂದೆ ಅವಳು ಟೀ ಲೋಟ ಕೆಳಗಿಟ್ಟ ಸದ್ದು, ಕಾಲುಚೀಲ ಕಳಚಿದ ಸದ್ದು. ಅವಳ ಕಾಲು ಇನ್ನೂ ಬೆನ್ನು ಮುಟ್ಟಿರಲಿಲ್ಲ. ಎಷ್ಟು ಕಾಲದಿಂದ ಹಿಡಿದಿಟ್ಟಿದ್ದೆನೋ, ನನ್ನ ಉಸಿರು ದೊಡ್ಡದಾಗಿ ಹೊರಟುಹೋಯಿತು.