ಷಡ್ಡಕನ ಮಷೀನು, ನನ್ನ ಮಷೀನು

ನನಗೆ ಅಣ್ಣತಮ್ಮಂದಿರಿಲ್ಲ. ಆ ಕೊರತೆ ಕಾಡದಿರಲೆಂದೋ ಏನೋ ದೇವರು ಒಬ್ಬ ಷಡ್ಡಕನನ್ನು ಕೊಟ್ಟ. ಹೆಂಡತಿಯ ಅಕ್ಕನ ಗಂಡ, ಧಾರವಾಡದವನು. ಅವರಿರುವುದು ಮೆಲ್ಬರ್ನಿನ ಕ್ಲೇಟನ್‌ನಲ್ಲಿ, ನಾವಿರುವುದು ಸಿಡ್ನಿಯ ಪ್ಯಾರಮಟ್ಟಾದಲ್ಲಿ. ನಡುವೆ ಒಂದಿಡೀ ಹಗಲಿನ ಹೈವೇ ಇರುವುದು ನನ್ನ ಪುಣ್ಯ. ಅವನಿಗೆ ನನಗಿಂತ ಮೊದಲು ಇಲ್ಲೇ ಖಾಯಂ ನೆಲೆಸುವ ಪಿಆರ್ ಬಂತು, ನನಗಿಂತ ಮೊದಲು ಮನೆಯಾಯಿತು. ಆ ಮನೆಗೊಂದು ಹಿತ್ತಲಿದೆ, ಹಿತ್ತಲಲ್ಲಿ ಕರಿಬೇವಿದೆ, ಮೆಲ್ಬರ್ನಿನ ಚಳಿಯಲ್ಲೂ ಅದು ಚಿಗುರುತ್ತದೆ. ನಮ್ಮ ಬಾಲ್ಕನಿಯ ಕುಂಡದಲ್ಲಿ ನಾನು ನೆಟ್ಟ ಕರಿಬೇವು ಒಂದು ಚಳಿಗಾಲವನ್ನೂ ದಾಟಿಲ್ಲ.

ಇಷ್ಟನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದ್ದು ಒಂದು ಭಾನುವಾರ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಬಂತು. ಷಡ್ಡಕನ ಅಂಗೈಯ ಫೋಟೋ, ಅಂಗೈ ನಡುವೆ ತೊಗರಿಬೇಳೆ ಕಾಳಿನಷ್ಟು ಚಿನ್ನ. ಮೆಲ್ಬರ್ನಿನಿಂದ ಎರಡು ತಾಸು ದೂರದ ಹಳೇ ಚಿನ್ನದ ಸೀಮೆಗೆ ಹೋಗಿ, ಮೆಟಲ್ ಡಿಟೆಕ್ಟರ್ ಹಿಡಿದು, ಕೆಮ್ಮಣ್ಣು ಕೆದಕಿ ತೆಗೆದದ್ದಂತೆ. ಗ್ರೂಪಿನಲ್ಲಿ ಕೈಮುಗಿಯುವ ಚಿತ್ರಗಳ ಮಳೆ. ನನ್ನ ಹೆಂಡತಿ 'ಸೂಪರ್ ಭಾವ' ಎಂದು ಬರೆದಳು. ಮದುವೆಯಾಗಿ ಹನ್ನೆರಡು ವರ್ಷ, ನನಗೆ ಅವಳಿಂದ ಒಂದು ಸೂಪರ್ ಸಿಕ್ಕಿದ ನೆನಪಿಲ್ಲ.

ಮುಂದಿನ ವಾರವೇ ನಾನೂ ಒಂದು ಮಷೀನು ಕೊಂಡೆ. ಸಿಡ್ನಿಯಲ್ಲಿ ಚಿನ್ನದ ಸೀಮೆ ಎಲ್ಲಿಂದ ಬರಬೇಕು? ನನಗೆ ಸಿಕ್ಕಿದ್ದು ಬೀಚು. ಸೋಮವಾರದಿಂದ ಶುಕ್ರವಾರದವರೆಗೆ ಚಾಟ್ಸ್‌ವುಡ್‌ನ ಆಫೀಸಿನಲ್ಲಿ ಸ್ಕ್ರೀನು ನೋಡುವುದು, ಶನಿವಾರ ಬೆಳಿಗ್ಗೆ ಮರಳಿನ ಮೇಲೆ ಇನ್ನೊಂದು ಸ್ಕ್ರೀನು ನೋಡುವುದು. ಉದ್ದ ಕೋಲಿನ ತುದಿಯ ತಟ್ಟೆಯನ್ನು ನೆಲಕ್ಕೆ ಸವರಿಕೊಂಡು ಅತ್ತಿತ್ತ ಬೀಸಬೇಕು. ಕೆಳಗೆ ಲೋಹವಿದ್ದರೆ ಕಿವಿಯ ಹೆಡ್‌ಫೋನಿನಲ್ಲಿ ಸದ್ದು, ಸ್ಕ್ರೀನಿನ ಮೇಲೆ ಒಂದು ನಂಬರು. ಕಬ್ಬಿಣವಾದರೆ ಗೊರಗೊರ, ನಂಬರೂ ತೀರಾ ಕಡಿಮೆ. ಎರಡು ಡಾಲರ್ ನಾಣ್ಯವಾದರೆ ಗಂಟೆಯಂಥ ದನಿ, ದೊಡ್ಡ ನಂಬರು. ತೊಂದರೆಯೆಲ್ಲ ನಡುವಿನದ್ದು. ಬಿಯರ್ ಡಬ್ಬಿಯ ಬಾಯಿಂದ ಕಿತ್ತ ತಗಡಿನ ಉಂಗುರ, ಚಾಕಲೇಟಿನ ಬೆಳ್ಳಿ ಕಾಗದದ ಉಂಡೆ, ಮದುವೆಯ ಚಿನ್ನದುಂಗುರ, ಇವೆಲ್ಲಕ್ಕೂ ಹೆಚ್ಚುಕಡಿಮೆ ಅದೇ ನಂಬರು. ಚಿನ್ನ ಬೇಕಾದವನು ಕಸವನ್ನೆಲ್ಲ ಅಗೆಯಬೇಕು. ಕಸ ಬೇಡವೆಂದವನು ಚಿನ್ನವನ್ನು ದಾಟಿಕೊಂಡು ಹೋಗುತ್ತಾನೆ.

ನನಗೆ ಕಸವೆಂದರೆ ಆಗದು. ಅದಕ್ಕೇ ನಾನು ದೊಡ್ಡ ನಂಬರಿನ ಮನುಷ್ಯನಾದೆ. ನಾಣ್ಯಗಳು ಸಿಗುತ್ತಿದ್ದವು. ಅವನ್ನು ತೊಳೆದು ಫೋಟೋ ಹಾಕಿದರೆ ಗ್ರೂಪಿನಲ್ಲಿ ಷಡ್ಡಕನೊಬ್ಬನೇ ಹೆಬ್ಬೆರಳು ಎತ್ತುತ್ತಿದ್ದ. ಒಮ್ಮೆ ಫೋನಿನಲ್ಲಿ ಬುದ್ಧಿಯನ್ನೂ ಹೇಳಿದ.

"ನಂಬರ್ ಒಂದ ನೋಡಬ್ಯಾಡ್ರಿ. ಎಡಕ್ಕೂ ಬಲಕ್ಕೂ ಬೀಸ್ರಿ, ಆಮ್ಯಾಲ ಅಡ್ಡ ನಿಂತು ಬೀಸ್ರಿ. ನಾಕೂ ಕಡೆಯಿಂದ ನಂಬರ್ ಅಲ್ಲೇ ನಿಂತ್ರ ಅಗೀರಿ. ಕುಣ್ಯಾಕತ್ರ ಬಿಡ್ರಿ, ಅದು ಕಸ."

ಗೊತ್ತಿರುವ ವಿಷಯವನ್ನು ಷಡ್ಡಕನ ಬಾಯಿಂದ ಕೇಳುವುದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. "ಹೌದಾ, ನೋಡ್ತೀನಿ," ಎಂದು ಫೋನಿಟ್ಟೆ.

ಕಳೆದ ವರ್ಷ ಲಾಂಗ್ ವೀಕೆಂಡಿಗೆ ಅವರಿಬ್ಬರೂ ಕಾರು ಮಾಡಿಕೊಂಡು ನಮ್ಮ ಮನೆಗೆ ಬಂದರು. ಡಿಕ್ಕಿಯಲ್ಲಿ ಅವನ ಮಷೀನೂ ಬಂದಿತ್ತು. ಭಾನುವಾರ ನಾಲ್ವರೂ ಬೀಚಿಗೆ ಹೋದೆವು. ಚಿತ್ರಾನ್ನ, ಮೊಸರನ್ನ, ಅತ್ತಿಗೆ ತಂದಿದ್ದ ಶೇಂಗಾ ಹೋಳಿಗೆ. ಮಧ್ಯಾಹ್ನ ಬಿಸಿಲೇರಿತು, ಹೆಂಡತಿ ಸ್ವೆಟರನ್ನು ತಲೆಯ ಮೇಲಿಂದ ಎಳೆದು ತೆಗೆದಳು. ಅಲ್ಲೇ ಆಗಿರಬೇಕು. ತಿಳಿದದ್ದು ಮಾತ್ರ ಮನೆಗೆ ಬಂದು, ಅವಳು ಸ್ನಾನಕ್ಕೆಂದು ಬಚ್ಚಲಿಗೆ ಹೋದಾಗ. ಹೊರಗೆ ಬಂದವಳ ಮುಖದಲ್ಲಿ ರಕ್ತವಿರಲಿಲ್ಲ. ಕೊರಳಲ್ಲಿ ಕರಿಮಣಿ ಸರವಿರಲಿಲ್ಲ. ಸ್ವೆಟರ್ ಒದರಿದರೆ ನಾಲ್ಕು ಕರಿಮಣಿಗಳೂ ಒಂದು ತುಂಡು ದಾರವೂ ಬಿದ್ದವು.

ನಮ್ಮಲ್ಲಿ ತಾಳಿಯೆಂದರೆ ಎರಡು ಬೊಟ್ಟು, ಒಂದು ತವರಿನವರು ಕೊಡುವುದು, ಇನ್ನೊಂದು ಗಂಡನ ಮನೆಯವರು ಕೊಡುವುದು. ಎರಡನ್ನೂ ಒಂದೇ ಸರದಲ್ಲಿ ಪೋಣಿಸುತ್ತಾರೆ. ಸಿಡ್ನಿಗೆ ಬಂದ ಹೊಸದರಲ್ಲಿ ನನ್ನ ಹೆಂಡತಿ ತಾಳಿಯನ್ನು ಲಾಕರಿನಲ್ಲಿಟ್ಟು ಓಡಾಡಿದವಳೇ. ಈ ಬೀಚಿನ ಪ್ರಸಂಗಕ್ಕೆ ಎರಡು ವರ್ಷ ಮೊದಲು ದಾವಣಗೆರೆಯಲ್ಲಿ ಅವಳ ತಾಯಿ ತೀರಿಕೊಂಡರು. ಇವಳು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಮರಳಿ ಬಂದವಳು ತಾಳಿ ಹಾಕಿಕೊಂಡಳು, ಮತ್ತೆ ತೆಗೆಯಲಿಲ್ಲ. ಆಫೀಸಿನ ಮೀಟಿಂಗಿನಲ್ಲಿ ಮಾತಾಡುವಾಗಲೂ ಬೆರಳುಗಳು ಅದರ ಮೇಲೆಯೇ ಇರುತ್ತವೆಂದು ಅವಳೇ ಹೇಳಿದ್ದಳು.

ಆ ಸಂಜೆ ಅವಳು ಅಳಲಿಲ್ಲ. ಅಡುಗೆಮನೆಯ ಡಬ್ಬಿಯಿಂದ ಅರಿಶಿನದ ಕೊಂಬು ತೆಗೆದು, ದಾರಕ್ಕೆ ಅರಿಶಿನ ಹಚ್ಚಿ, ಕೊಂಬನ್ನು ಕಟ್ಟಿ ಕೊರಳಿಗೆ ಹಾಕಿಕೊಂಡಳು. ಆಮೇಲೆ ತಿರುಗಿ ಕೇಳಿದಳು.

"ಭಾವ, ನಿಮ್ ಮಷೀನ್ ಕಾರಲ್ಲೇ ಇದೆ ಅಲ್ವಾ?"

ನನ್ನ ಮಷೀನು ಚಪ್ಪಲಿ ಸ್ಟ್ಯಾಂಡಿನ ಪಕ್ಕ, ಅವಳ ಕಣ್ಣೆದುರಿಗೇ ನಿಂತಿತ್ತು. ಸಿಡ್ನಿಯ ಬೀಚನ್ನು ಶನಿವಾರದಿಂದ ಶನಿವಾರಕ್ಕೆ ಗುಡಿಸಿದವನು ನಾನು, ಕಳೆದದ್ದು ನಾನು ಕಟ್ಟಿದ ತಾಳಿ. ಹೊಟ್ಟೆ ಉರಿಯಿತು. ಉರಿಯಬೇಕಾದ ಜಾಗದಲ್ಲೇ ಉರಿಯಿತು ಎಂದು ಈಗಲೂ ನನ್ನ ವಾದ.

ಮರುದಿನ ಬೆಳಕು ಹರಿಯುತ್ತಲೇ ಬೀಚಿನಲ್ಲಿದ್ದೆವು. ಜಾಗ ಹುಡುಕುವುದು ಕಷ್ಟವಾಗಲಿಲ್ಲ. ಒಣ ಮರಳಿನ ಮೇಲೆ ಕರಿಮಣಿಗಳು ಸಾಸಿವೆ ಚೆಲ್ಲಿದಂತೆ ಬಿದ್ದಿದ್ದವು. ಆದರೆ ಆಗಲೇ ಕೌನ್ಸಿಲಿನ ಟ್ರ್ಯಾಕ್ಟರು ಕಸ ಎತ್ತುವ ಹಲ್ಲಿನ ಕುಂಟೆ ಎಳೆದು ಹೋಗಿತ್ತು. ಮರಳೆಲ್ಲ ಕಲಸಿ, ಮಣಿಗಳು ಬ್ಯಾಡ್ಮಿಂಟನ್ ಕೋರ್ಟಿನಷ್ಟು ಅಗಲಕ್ಕೆ ಹರಡಿದ್ದವು. ಅಕ್ಕತಂಗಿಯರು ಕೂತು ಮಣಿ ಆರಿಸತೊಡಗಿದರು. ಮಣಿ ಗಾಜಿನದು, ಮಷೀನಿಗೆ ಕಾಣುವುದಿಲ್ಲ. ಎರಡು ಬೊಟ್ಟುಗಳು ನಮ್ಮಿಬ್ಬರ ಪಾಲು.

ನಾನು ತಡಮಾಡಲಿಲ್ಲ. ಷಡ್ಡಕ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುವಷ್ಟರಲ್ಲಿ ಎರಡು ಸಾಲು ಬೀಸಿ ಮುಗಿಸಿದ್ದೆ. ಮಷೀನಿನ ಜೊತೆ ಬಂದ ಚಾರ್ಟಿನಲ್ಲಿ ಚಿನ್ನದುಂಗುರದ ನಂಬರುಗಳು ನನಗೆ ಬಾಯಿಪಾಠ. ಪೂರಿ ಕರಿಯುವ ಜಾಲರಿ ಸೌಟಿನಂಥ ಸಲಿಕೆಯಿಂದ ಬಗೆದು ಮರಳು ಜರಡಿ ಹಿಡಿದೆ. ತಗಡಿನ ಉಂಗುರ. ಇನ್ನೊಂದು ಉಂಗುರ. ಬೆಳ್ಳಿ ಕಾಗದ. ಬಾಟಲಿ ಮುಚ್ಚಳ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದನ್ನು ಸಿಡ್ನಿಯ ಮರಳು ನನಗೆ ಮೊದಲೇ ಕಲಿಸಿತ್ತು, ಆ ದಿನ ಮತ್ತೆ ಕಲಿಸಿತು.

ಷಡ್ಡಕ ಚಹಾ ಕುಡಿದು ಮುಗಿಸಿ ತನ್ನ ಹೆಂಡತಿಯನ್ನು ಕರೆದ. "ನಿಮ್ಮವ್ವ ನಿನಗೂ ತಂಗಿಗೂ ಒಂದ ಅಕ್ಕಸಾಲಿಗನ ಕಡೆ ಬೊಟ್ಟು ಮಾಡಿಸಿದ್ಲಲ್ಲ? ನಿಂದು ಸ್ವಲ್ಪ ತಗದ್ ಕೊಡು."

ಅತ್ತಿಗೆ ಬಳೆ ತೆಗೆದರು, ವಾಚು ತೆಗೆದರು, ಓಲೆಯನ್ನೂ ಬಿಚ್ಚಿ ತಂಗಿಯ ಕೈಗಿತ್ತರು. ತಾಳಿಯ ಮಾತಿಗೆ ಮಾತ್ರ ಒಪ್ಪಲಿಲ್ಲ. "ಅದೊಂದ್ ತೆಗೆಯಲ್ಲ. ಬೇಕಾದ್ರೆ ನಾನೇ ಬಗ್ತೀನಿ."

ಷಡ್ಡಕ ಮಷೀನಿನ ತಟ್ಟೆಯನ್ನು ಮರಳಿನ ಮೇಲೆ ಮಗುಚಿ ಇಟ್ಟ. ಅತ್ತಿಗೆ ಮೊಣಕಾಲೂರಿ, ಗಂಡನ ಮನೆಯ ಬೊಟ್ಟನ್ನು ಸರದ ಜೊತೆ ಹಿಂದಕ್ಕೆ ಸರಿಸಿ ಜಡೆಯ ಕೆಳಗೆ ಸಿಕ್ಕಿಸಿಕೊಂಡು, ತವರಿನ ಬೊಟ್ಟೊಂದನ್ನೇ ಮುಂದೆ ಇಳಿಬಿಟ್ಟು ಬಗ್ಗಿದರು. ಮಷೀನು ಕುಂಯ್ ಎಂದಿತು. ನಾಯಿ ತಿರುಗಾಡಿಸಲು ಬಂದಿದ್ದ ಮುದುಕ ಮುದುಕಿ ನಿಂತು, ಆಕೆಗೆ ಹುಷಾರಿಲ್ಲವೇ ಎಂದು ವಿಚಾರಿಸಿದರು. "ನೋ, ನೋ, ಟೆಸ್ಟಿಂಗ್," ಎಂದ ಷಡ್ಡಕ, ತಲೆಯೆತ್ತದೆ. ಅತ್ತಿಗೆ ಹೀಗೆ ಬಗ್ಗಿ, ಹಾಗೆ ಬಗ್ಗಿ, ಅಡ್ಡಡ್ಡ ಬಗ್ಗಿ ತೋರಿಸಿದರು. ನಂಬರು ನಲವತ್ತೇಳಕ್ಕೆ ನಿಂತಿತು, ಅಲ್ಲಾಡಲಿಲ್ಲ.

"ನಲವತ್ತೇಳರಿ," ಎಂದು ನನಗೆ ಹೇಳಿದ. "ಆ ಚಾರ್ಟು ಇಲ್ಲಿ ಮಂದಿ ಉಂಗುರಕ್ಕ ಮಾಡಿದ್ದು. ಅರ್ಧಕ್ಕರ್ಧ ತಾಮ್ರ ಕೂಡಿಸಿದ ಬಂಗಾರ. ನಮ್ಮದು ಇಪ್ಪತ್ತೆರಡು ಕ್ಯಾರೆಟ್ ತೆಳು ತಗಡು. ಇದರ ಲೆಕ್ಕಾನ ಬ್ಯಾರೆ."

ನನಗೇಕೆ ಹೊಳೆಯಲಿಲ್ಲ? ಅದೇ ಅತ್ತಿಗೆ ನಮ್ಮ ಮನೆಯಲ್ಲೂ ಎರಡು ದಿನದಿಂದ ಅದೇ ತಾಳಿ ಹಾಕಿಕೊಂಡು ಓಡಾಡುತ್ತಿದ್ದರು. ಅವನ ಮಷೀನೂ ನನ್ನ ಮಷೀನೂ ಬೇರೆ ಬೇರೆ ಕಂಪನಿಯವು, ಅವನ ನಲವತ್ತೇಳು ನನ್ನದರಲ್ಲಿ ನಲವತ್ತೇಳಲ್ಲ. ಅತ್ತಿಗೆಯೇ ಕೇಳಿದರು, "ನಿಮ್ಮದಕ್ಕೂ ಒಂದ್ಸಲ ಬಗ್ಲಾ?"

"ಬೇಡ ಅತ್ತಿಗೆ, ಮೊಣಕಾಲು ನೋಯುತ್ತೆ," ಎಂದೆ. ಮೊಣಕಾಲು ಅವರದು, ನೋವು ನನ್ನದು.

ನನ್ನ ತಲೆಯಲ್ಲೂ ಒಂದು ಲೆಕ್ಕ ಹುಟ್ಟಿತ್ತು. ನಮ್ಮ ಮನೆಯ ಬೊಟ್ಟು ತವರಿನದಕ್ಕಿಂತ ದಪ್ಪ. ಮದುವೆ ಮಂಟಪದಲ್ಲಿಯೇ ನಮ್ಮಮ್ಮ ಹತ್ತು ಜನಕ್ಕೆ ಕೇಳುವಂತೆ ಹೇಳಿದ್ದರು. ದಪ್ಪವೆಂದರೆ ನಂಬರು ಮೇಲೆ, ತಗಡಿನ ಉಂಗುರಕ್ಕೂ ನಾಣ್ಯಕ್ಕೂ ನಡುವೆ ಎಲ್ಲೋ. ಷಡ್ಡಕ ಹುಡುಕಿಕೊಳ್ಳಲಿ ತವರಿನದನ್ನು. ನನ್ನದನ್ನು ನಾನು ತೆಗೆಯುತ್ತೇನೆ. ಅದೂ ಅವನಿಗಿಂತ ಮೊದಲು.

ಹೀಗೆ ಒಂದೇ ಅಂಗಳದಲ್ಲಿ ಇಬ್ಬರು ಬೀಸಿದೆವು. ನಾನು ಮೇಲಿನ ನಂಬರುಗಳನ್ನೆಲ್ಲ ಅಗೆದೆ. ಎರಡು ಡಾಲರ್, ಒಂದು ಡಾಲರ್, ಯಾವುದೋ ಬೀಗದ ಕೀಲಿ, ಕಿಲುಬು ಹಿಡಿದ ಹಿತ್ತಾಳೆ ಚಮಚ. ಬೇರೆ ಯಾವ ಶನಿವಾರವಾದರೂ ಹಬ್ಬ ಮಾಡುತ್ತಿದ್ದೆ. ಅವನು ಸಿಗ್ನಲ್ಲಿನ ಮೇಲೆ ನಿಲ್ಲುತ್ತಿದ್ದ, ಅಡ್ಡ ತಿರುಗುತ್ತಿದ್ದ, ನಂಬರು ಕುಣಿದರೆ ಮುಂದೆ ಹೋಗುತ್ತಿದ್ದ. ನಿಂತರೆ ಮಾತ್ರ ಅಗೆಯುತ್ತಿದ್ದ. ಮೊದಲು ಅಗೆದದ್ದು ತಗಡಿನ ಉಂಗುರ. ಆಮೇಲಿನದೂ ತಗಡೇ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಹೆಂಡತಿಯ ತಾಳಿ ಮರಳಿನಲ್ಲಿ ಹೂತಿದೆ, ಅವಳ ಕೊರಳಲ್ಲಿ ಅರಿಶಿನದ ಕೊಂಬು ನೇತಾಡುತ್ತಿದೆ, ನಾನು ಮಾತ್ರ ಷಡ್ಡಕನಿಗೆ ಕಸ ಸಿಕ್ಕಿತೆಂದು ಒಳಗೊಳಗೇ ಕುಣಿಯುತ್ತಿದ್ದೆ.

ಬಿಸಿಲು ನೆತ್ತಿಗೆ ಬಂದಾಗ ಅವನು ಸಲಿಕೆ ಕೆಳಗಿಟ್ಟ. ಕೂಗಲಿಲ್ಲ, ಕೈ ಮೇಲೆತ್ತಲಿಲ್ಲ. "ಬಾ ತಂಗಿ ಇಲ್ಲಿ," ಎಂದ, ಅಷ್ಟೇ.

ಅವಳು ಓಡಿದಳು. ಆರಿಸಿದ ಮಣಿಗಳಿದ್ದ ಟಿಫಿನ್ ಡಬ್ಬಿ ಕೈಯಿಂದ ಜಾರಿ ಮಗುಚಿಕೊಂಡಿತು, ತಿರುಗಿ ನೋಡಲಿಲ್ಲ. ಷಡ್ಡಕನ ಅಂಗೈಯಿಂದ ಬೊಟ್ಟನ್ನು ತೆಗೆದುಕೊಂಡು, ಮರಳು ಊದಿ, ಹಿಂದುಮುಂದು ಮಾಡಿ ನೋಡಿದಳು. ತವರಿನದು. ಆಗ ಅತ್ತಳು. ಹಿಂದಿನ ಸಂಜೆಯಿಂದ ತಡೆದದ್ದೆಲ್ಲ ಬಂತು. ಅಕ್ಕ ಬಂದು ತಬ್ಬಿಕೊಂಡರು, ಅವರೂ ಅತ್ತರು. ನಾನು ಕೊಂಚ ದೂರದಲ್ಲಿ ಹೆಡ್‌ಫೋನು ಹಾಕಿಕೊಂಡೇ ನಿಂತಿದ್ದೆ.

ಇನ್ನೊಂದು ಬೊಟ್ಟಿಗಾಗಿ ಇಳಿಹೊತ್ತಿನವರೆಗೂ ಹುಡುಕಿದೆವು. ಆ ಹೊತ್ತಿಗೆ ಷಡ್ಡಕನೂ ಮೇಲಿನ ನಂಬರು ಅಗೆಯತೊಡಗಿದ್ದ, ನನ್ನ ನಾಣ್ಯದ ರಾಶಿಗೆ ಅವನ ಚಿಲ್ಲರೆಯನ್ನೂ ಸೇರಿಸಿದ. ಕೊನೆಗೆ ಬೆವರು ಒರೆಸಿಕೊಂಡು ಬಂದ.

"ನಿಮ್ಮ ಮನೀದು ಉಳೀತ್ರಿ. ಅದರ ಜೋಡಿ ಇಲ್ಲಿ ಯಾರ ಕೊಳ್ಳಾಗೂ ಇಲ್ಲ ನೋಡ್ರಿ. ಯಾವ ನಂಬರ್ ಅಂತ ಹುಡುಕೂದು?"

ದನಿಯಲ್ಲಿ ಗೆಲುವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ಬೈದುಕೊಳ್ಳಲಿಕ್ಕಾದರೂ ಆಗುತ್ತಿತ್ತು. ಅವರಿಗೆ ಅಂದೇ ಮೆಲ್ಬರ್ನಿನ ದಾರಿ ಹಿಡಿಯಬೇಕಿತ್ತು. ಅವನು ಮಷೀನು ಬಿಚ್ಚಿ ಡಿಕ್ಕಿಗೆ ಹಾಕಲು ಹೋದ, ಅತ್ತಿಗೆ ಚಾಪೆ ಮಡಚಿದರು.

ಹೆಂಡತಿ ಕೊರಳಿನ ದಾರ ಬಿಚ್ಚಿ, ಅರಿಶಿನದ ಕೊಂಬಿನ ಪಕ್ಕಕ್ಕೆ ಬೊಟ್ಟನ್ನು ಪೋಣಿಸಿದಳು. ನನ್ನ ಹತ್ತಿರ ಬಂದು, ಬೆನ್ನು ತಿರುಗಿಸಿ, ಕೂದಲನ್ನು ಒಂದು ಕೈಯಲ್ಲಿ ಮೇಲೆತ್ತಿ ಹಿಡಿದಳು.

"ಗಂಟು ಹಾಕಿ."

ಕೈಯಲ್ಲಿ ಮರಳಿತ್ತು, ಪ್ಯಾಂಟಿಗೆ ಒರೆಸಿಕೊಂಡೆ. ಒಂದು ಗಂಟು ಹಾಕಿದೆ. "ಶನಿವಾರ ಮತ್ತೆ ಬರ್ತೀನಿ," ಎಂದೆ. "ಒಬ್ಬನೇ ಬಂದು ಪೂರ್ತಿ ಅಗೀತೀನಿ. ನಮ್ಮದು ಸಿಗೋವರೆಗೂ ಬಿಡಲ್ಲ."

"ಬೇಡ," ಎಂದಳು. "ಅಮ್ಮಂದು ಸಿಕ್ತು, ಸಾಕು."

ಎರಡನೆಯ ಗಂಟು ಹಾಕಿದೆ. ಇಷ್ಟು ವರ್ಷ ಷಡ್ಡಕನ ಮೇಲೆ ಪಟ್ಟ ಹೊಟ್ಟೆಕಿಚ್ಚು ಯಾವ ಮೂಲೆಗೂ ಸಾಲದೆನಿಸಿತು. ಆ ಕ್ಷಣ ನನಗೆ ಉರಿದದ್ದು ಸತ್ತು ಎರಡು ವರ್ಷವಾದ ಹೆಂಗಸಿನ ಮೇಲೆ.

"ಮತ್ತೆ ನಂದು?" ಎಂದು ಕೇಳಿದೆ.

"ನಿಮ್ಮದು ಇನ್ನೊಂದು ಮಾಡಿಸ್ಬಹುದು," ಎಂದಳು, ಕೂದಲು ಹಿಡಿದ ಕೈ ಇಳಿಸದೆ. "ನೀವಿದ್ದೀರಲ್ಲ."

ಮೂರನೆಯ ಗಂಟು ಹಾಕಲು ನನಗೆ ತುಸು ಹೊತ್ತು ಹಿಡಿಯಿತು.