ದ್ರಾಕ್ಷಾಯಣಿಯ ರೈಲಿಗೊಂದು ಪೆಟ್ಟಿಗೆ

ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ದ್ರಾಕ್ಷಾಯಣಿಯಷ್ಟು ಚಿಂತೆ ಮಾಡುವ ಹೆಂಗಸು ಇನ್ನೊಬ್ಬಳಿರಲಿಲ್ಲ. ಹಾಲು ಉಕ್ಕಿದರೆ ಚಿಂತೆ, ಉಕ್ಕದಿದ್ದರೆ ನೀರು ಬೆರೆಸಿದ್ದಾರೆಂದು ಚಿಂತೆ. ಗಂಡ ದೇವೇಂದ್ರ ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದವನು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಅವನನ್ನು ನೋಡಿಯೇ ಹುಟ್ಟಿರಬೇಕು. ಮನೆಯ ಹಿಂದೆಯೇ ಗಾಡಿ ಕೂಗುತ್ತಾ ಹೋದರೂ ಅವನ ಗೊರಕೆ ನಿಲ್ಲುತ್ತಿರಲಿಲ್ಲ. ಇಬ್ಬರ ಪಾಲಿನ ಚಿಂತೆಯೂ ಒಬ್ಬಳ ತಲೆಗೇ ಬಿದ್ದಿತ್ತು ಪಾಪ.

ಕಣಕಟ್ಟೆಯ ತೋಟದ ಮನೆಯಲ್ಲಿ ಹತ್ತು ಜನರ ನಡುವೆ ಬೆಳೆದವಳಿಗೆ ಮದುವೆಯಾಗಿ ಬಂದ ಹೊಸದರಲ್ಲಿ ಈ ಎರಡು ಕೋಣೆಯ ಮನೆ ಸೆರೆಯಂತೆ ಕಂಡಿತ್ತು. ಮಾತಾಡಿಸುವವರಿಲ್ಲ. ಕಿಟಕಿಯಾಚೆ ಬರೀ ರೈಲು. ಕರಿ ಎಂಜಿನ್ ಹೊಗೆ ಉಗುಳುತ್ತಾ ಹಿಂದಕ್ಕೂ ಮುಂದಕ್ಕೂ ಹೋಗುವುದನ್ನು ನೋಡಿ ನೋಡಿ ಸಾಕಾಗಿ, ಒಂದು ಮಧ್ಯಾಹ್ನ ಬೆಂಕಿಕಡ್ಡಿ, ರಟ್ಟು, ಕರಟದ ಚೂರು ಹರಡಿಕೊಂಡು ಕೂತಳು. ಅದು ಮುಗಿಯುವ ಹೊತ್ತಿಗೆ ವರ್ಷವೇ ಕಳೆದಿತ್ತು. ಒಂದು ಎಂಜಿನ್, ಅದರ ಹಿಂದೆ ಬೋಗಿಗಳು, ಕೊನೆಗೆ ಗಾರ್ಡಿನ ಡಬ್ಬಿ. ಉದ್ದ ಒಂದು ಗಜಕ್ಕೆ ಕೊಂಚ ಕಡಿಮೆ. ಕಿಟಕಿಗೆ ಸರಳು ಕೂಡ ಇಟ್ಟಿದ್ದಳು. ಮುಂದೆ ಮೀಟರ್‌ಗೇಜ್ ಹಳಿ ಕಿತ್ತು ದೊಡ್ಡ ಹಳಿ ಹಾಕಿದ ಮೇಲೆ ಅಂಥ ಗಾಡಿ ಬರುವುದು ನಿಂತುಹೋಯಿತು. ದ್ರಾಕ್ಷಾಯಣಿಯ ಬೀರುವಿನ ಮೇಲೆ ಮಾತ್ರ ಅದು ಹಾಗೇ ಉಳಿಯಿತು.

ಉಳಿಯಿತು ಎಂದರೆ ಅದೂ ಪೂರ್ತಿ ನಿಜವಲ್ಲ. ಆಗಿನ ಮದುವೆಗಳಲ್ಲಿ ಛತ್ರದ ಒಂದು ಮೂಲೆಗೆ ಮೇಜು ಹಾಕಿ, ಹುಡುಗಿಯ ಕೈಗೆಲಸವೆಂದು ಮಣಿಯ ಗಿಳಿ, ವೈರಿನ ಬುಟ್ಟಿ, ಕಸೂತಿಯ ನವಿಲು ಜೋಡಿಸಿಡುತ್ತಿದ್ದರು. ಎಲ್ಲ ಹುಡುಗಿಯರ ಕೈಗೂ ಕೆಲಸ ಹತ್ತುತ್ತದೆಯೇ? ಹತ್ತದವರ ತಾಯಂದಿರು ಹತ್ತುವವರ ಮನೆಗೆ ಹೋಗಿ ಇಸಕೊಂಡು ಬರುತ್ತಿದ್ದರು. ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಡದ ವ್ಯವಹಾರ ಅದು. ಹೀಗೆ ದ್ರಾಕ್ಷಾಯಣಿಯ ರೈಲು ಯಾರ್ಯಾರದೋ ಹೆಸರಿನ ಚೀಟಿ ಹಚ್ಚಿಸಿಕೊಂಡು ಊರೂರು ತಿರುಗಿತು. ಒಂದು ಮದುವೆಯಿಂದ ಹೊಗೆ ಕೊಳವೆ ಮುರಿದುಕೊಂಡು ಬಂತು, ಇನ್ನೊಂದರಿಂದ ಗಾಲಿ ಕಳೆದುಕೊಂಡು ಬಂತು. ಕೇಳಲು ಬಂದವರಿಗೆ ಇಲ್ಲ ಎನ್ನಲು ಅವಳಿಗೆ ಬಾಯಿ ಬಾರದು. ಕೊಟ್ಟು ಕಳಿಸಿದ ಮೇಲೆ ನಿದ್ದೆ ಬಾರದು.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಹಳೇಬೀಡಿನಿಂದ ರಂಗಮ್ಮ ಎಂಬಾಕೆ ತಮ್ಮ ಮಗ ಸತೀಶನಿಗೆ ಹೆಣ್ಣು ನೋಡಲು ಇವರ ಮನೆಗೆ ಬಂದರು. ಹುಡುಗನಿಗೆ ಊರಿನಲ್ಲಿ ಗೊಬ್ಬರದ ಅಂಗಡಿ, ಕೆರೆ ಕೆಳಗೆ ಗದ್ದೆ. ದ್ರಾಕ್ಷಾಯಣಿಯ ಮಗಳು ಲಾವಣ್ಯ ಲಕ್ಷಣವಾಗಿದ್ದಳು, ಓದಿದ್ದಳು, ಆದರೆ ಸೂಜಿಗೆ ದಾರ ಪೋಣಿಸುವುದಕ್ಕೂ ಅಮ್ಮನನ್ನು ಕೂಗುವವಳು. ಕಾಫಿ ಕುಡಿಯುತ್ತಾ ರಂಗಮ್ಮನ ಕಣ್ಣು ಬೀರುವಿನ ಮೇಲೆ ಹೋಯಿತು.

"ಎಷ್ಟ್ ಚೆಂದಾಗೈತೆ! ಹುಡುಗಿ ಮಾಡಿದ್ದಾ?"

ಅಲ್ಲ, ನಾನು ಮಾಡಿದ್ದು ಎಂದಿದ್ದರೆ ಮುಗಿಯುತ್ತಿತ್ತು. ಎಷ್ಟೋ ಮದುವೆಗಳಿಗೆ ಆ ಮಾತನ್ನು ನುಂಗಿ ನುಂಗಿ ಅಭ್ಯಾಸವಾಗಿದ್ದ ದ್ರಾಕ್ಷಾಯಣಿ "ಹೂಂ" ಎಂದುಬಿಟ್ಟಳು. ಸಂಬಂಧ ಕುದುರಿತು. ಹೋಗುವಾಗ ರಂಗಮ್ಮ ಹೊಸ್ತಿಲಲ್ಲಿ ನಿಂತು, ಮದುವೆ ಹಳೇಬೀಡಿನಲ್ಲೇ ಆಗಲಿ, ಈ ರೈಲನ್ನು ಮಾತ್ರ ಮರೆಯದೆ ಛತ್ರಕ್ಕೆ ತನ್ನಿ, ನಮ್ಮ ಕಡೆಯವರೆಲ್ಲ ನೋಡಲಿ ಎಂದರು.

ಬಾಗಿಲು ಹಾಕಿದ್ದೇ ತಡ, ಲಾವಣ್ಯ ತಿರುಗಿಬಿದ್ದಳು. "ಯಾಕಮ್ಮ ಹಂಗಂದೆ? ನಾಳೆ ಅವ್ರ ಮನೇಲಿ ಇನ್ನೊಂದ್ ಮಾಡಿಕೊಡು ಅಂದ್ರೆ ನಾನೇನ್ ಮಾಡ್ಲಿ?"

"ಮದ್ವೆ ಆದ್ಮೇಲೆ ಯಾರು ಕೇಳ್ತಾರೆ, ಸುಮ್ನಿರೇ" ಎಂದಳು ದ್ರಾಕ್ಷಾಯಣಿ. ಹೊಸ ಮನೆಗೆ ಕಾಲಿಡುವ ಮಗಳನ್ನು ಸುಳ್ಳುಗಾತಿ ಎಂದು ಯಾರಾದರೂ ಅಂದರೆ? ಆ ಯೋಚನೆಯನ್ನು ಎದುರಿಸುವ ಧೈರ್ಯವಿಲ್ಲದೆ, ಅವಳು ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಚಿಂತೆಯನ್ನು ಎತ್ತಿಕೊಂಡಳು. ಜಾವಗಲ್ ಮೇಲಿನ ಆ ಗುಂಡಿಬಿದ್ದ ರಸ್ತೆಯಲ್ಲಿ ರೈಲನ್ನು ಮುರಿಯದಂತೆ ಸಾಗಿಸುವುದು ಹೇಗೆ? ಚಿಂತೆ ಮಾಡುವವರಿಗೆ ಇದೊಂದು ಸುಖ, ದೊಡ್ಡದಕ್ಕೆ ಹೆದರಿದರೆ ಸಣ್ಣದರಲ್ಲಿ ಅಡಗಬಹುದು.

ಮೊದಲು ಹಳೆಯ ಟ್ರಂಕು ನೋಡಿದಳು. ಸೀರೆ ಸುತ್ತಿಟ್ಟರೆ ಕ್ಷೇಮ, ಆದರೆ ಛತ್ರದಲ್ಲಿ ಹೊರಗೆ ತೆಗೆದಿಟ್ಟರೆ ಮಕ್ಕಳ ಕೈ ಸುಮ್ಮನಿರುತ್ತದೆಯೇ? ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಯವನು ಪೂರ್ತಿ ಗಾಜಿನ ಪೆಟ್ಟಿಗೆಯನ್ನೇ ಮಾಡಿಕೊಡುತ್ತೇನೆಂದ. ಗಾಜು ಒಡೆದು ಬೋಗಿಗಳ ಮೇಲೆ ಸುರಿದಂತೆ ಆ ರಾತ್ರಿ ಕನಸು ಬಿತ್ತು, ಅದನ್ನೂ ಬಿಟ್ಟಳು. ದೇವೇಂದ್ರ ಯಾರದೋ ಮನೆಯಿಂದ ಟೀವಿ ಬಂದ ರಟ್ಟಿನ ಡಬ್ಬ ಥರ್ಮಾಕೋಲಿನ ಸಮೇತ ತಂದ. ಅದರ ಬಿಳಿ ಪುಡಿ ಕಿಟಕಿ ಸರಳಿಗೆಲ್ಲ ಅಂಟಿತು. ಎರಡು ದಿನ ಕುಂಚದಲ್ಲಿ ಒರೆಸುವುದೇ ಕೆಲಸವಾಯಿತು.

ಕೊನೆಗೆ ಬಡಗಿ ಚನ್ನಪ್ಪನ ಹತ್ತಿರ ಹೋದಳು. ಅವಳು ಮಾತು ಮುಗಿಸುವವರೆಗೂ ಅವನು ಉಳಿ ಮಸೆಯುವುದನ್ನು ನಿಲ್ಲಿಸಲಿಲ್ಲ.

"ಏನ್ ತಾಯಿ, ಮದ್ವೆ ಮಗಳಿಗೋ ರೈಲಿಗೋ?"

"ತಮಾಷೆ ಬೇಡ ಚನ್ನಪ್ಪ, ನಂಗೆ ನಿದ್ದೆ ಇಲ್ಲ."

"ಅಲ್ಲವ್ವ, ಚೆನ್ನಾಗಿ ಕಾಣ್ಬೇಕು ಅಂತೀಯ, ಅಲುಗಾಡ್ಬಾರ್ದು ಅಂತೀಯ. ತೋರ್ಸೋ ಪೆಟ್ಟಿಗೆನೇ ಬೇರೆ, ಸಾಗ್ಸೋ ಪೆಟ್ಟಿಗೆನೇ ಬೇರೆ. ಎರಡು ಮಾಡಿಸ್ಕೊ."

"ಒಂದರಿಂದ ಇನ್ನೊಂದಕ್ಕೆ ಎತ್ತಿಡೋವಾಗ್ಲೇ ಮುರಿಯೋದು ಕಣಪ್ಪ. ದಾರೀಲಿ ಮುರಿದದ್ದು ಕಮ್ಮಿ, ಕೈಯಲ್ಲಿ ಮುರಿದದ್ದೇ ಜಾಸ್ತಿ. ಒಂದೇ ಮಾಡು."

ಚನ್ನಪ್ಪ ತಲೆ ಕೆರೆದುಕೊಂಡ. ನಾಲ್ಕಾರು ಸಲ ಮನೆಗೂ ಬಂದು ಅಳತೆ ತೆಗೆದ. ಕಡೆಗೆ ಆದದ್ದು ಹಾರ್ಮೋನಿಯಂ ಪೆಟ್ಟಿಗೆಯ ಹಾಗಿತ್ತು, ಸ್ವಲ್ಪ ಉದ್ದ ಅಷ್ಟೆ. ತಳಕ್ಕೆ ಹಲಸಿನ ಹಲಗೆ. ಅದರ ಮೇಲೆ ಒಂದೊಂದು ಬೋಗಿಯ ಹೊಟ್ಟೆಗೂ ಸ್ಪಂಜು ಅಂಟಿಸಿದ ಮರದ ತುಂಡು, ಭಾರವೆಲ್ಲ ಅದರ ಮೇಲೆ ಕೂತು ಗಾಲಿಗಳು ಹಲಗೆಗೆ ತಾಗಿಯೂ ತಾಗದ ಹಾಗೆ. ಮುಂದೆ ಒಡೆಯದ ಪ್ಲಾಸ್ಟಿಕ್ ಗಾಜು. ಪ್ರಯಾಣದಲ್ಲಿ ಆ ಗಾಜಿಗೆ ಗೀರು ಬೀಳದಂತೆ ಪಕ್ಕದಿಂದ ಸರಿಸಿ ಮುಚ್ಚುವ ಹಲಗೆ. ಮೇಲೆ ಹಿತ್ತಾಳೆಯ ಹಿಡಿ. ರೈಲನ್ನು ಒಮ್ಮೆ ಕೂರಿಸಿದರೆ ಮತ್ತೆ ಯಾರೂ ಕೈಯಲ್ಲಿ ಮುಟ್ಟಬೇಕಾಗಿರಲಿಲ್ಲ. ದ್ರಾಕ್ಷಾಯಣಿ ಅದನ್ನು ಗಂಡನ ಸೈಕಲ್ ಕ್ಯಾರಿಯರಿಗೆ ಕಟ್ಟಿಸಿ, ಜಲ್ಲಿ ಹಾಸಿದ ದಾರಿಯಲ್ಲಿ ಎರಡು ಸುತ್ತು ಹೊಡೆಸಿದಳು. ತೆಗೆದು ನೋಡಿದರೆ ಒಂದು ಕಡ್ಡಿಯೂ ಅಲುಗಿರಲಿಲ್ಲ. ಆದರೂ ಮಾಲೇಕಲ್ಲಿನ ವೆಂಕಟರಮಣನಿಗೆ ಮುಡಿಪು ಕಟ್ಟಿಟ್ಟಳು, ಎಲ್ಲದಕ್ಕೂ ಒಂದು ಇರಲಿ ಎಂದು.

ಮದುವೆಯ ಹಿಂದಿನ ದಿನ ದಿಬ್ಬಣದ ಬಸ್ಸಿನಲ್ಲಿ ಪೆಟ್ಟಿಗೆ ಅವಳ ತೊಡೆಯ ಮೇಲೆಯೇ ಬಂತು. ಪಕ್ಕದಲ್ಲಿ ಕೂತ ಲಾವಣ್ಯಳ ರೇಷ್ಮೆ ಸೀರೆ ಅದರ ಮೂಲೆಗೆ ಸಿಕ್ಕಿ ಮುದುಡಿತು, ತಾಯಿ ಗಮನಿಸಲಿಲ್ಲ. ಜಾವಗಲ್ ದಾಟುವಾಗ ಬಸ್ಸು ಎಗರಿದಾಗಲೆಲ್ಲ ಅವಳು ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಗಾಳಿಯಲ್ಲೇ ಎತ್ತಿಹಿಡಿಯುತ್ತಿದ್ದಳು.

ಹಳೇಬೀಡಿನ ಛತ್ರದ ಮೇಜಿನ ಮೇಲಿಟ್ಟು ಹಲಗೆ ಸರಿಸಿದಾಗ ರೈಲು ಮನೆಯಲ್ಲಿ ಹೇಗಿತ್ತೋ ಹಾಗೇ ಇತ್ತು. ದ್ರಾಕ್ಷಾಯಣಿಗೆ ಕಣ್ಣಲ್ಲಿ ನೀರೇ ಬಂತು. ಎಷ್ಟೋ ವಾರಗಳ ನಂತರ ಉಸಿರು ಸರಾಗವಾಗಿ ಆಡಿತು. ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತರು. ರಂಗಮ್ಮ ಬಂದ ಬಂದವರನ್ನೆಲ್ಲ ಕೈಹಿಡಿದು ಕರೆತಂದು, "ನಮ್ ಸೊಸೆ ಮಾಡಿರೋದು" ಎಂದು ತೋರಿಸುತ್ತಿದ್ದರು.

ವರಪೂಜೆಯ ಹೊತ್ತಿಗೆ ಬೇಲೂರಿನಿಂದ ರಂಗಮ್ಮನ ಅಕ್ಕ ಕೆಂಚಮ್ಮ ಬಂದರು. ಗಟ್ಟಿ ದನಿಯ, ಮನೆಯನ್ನೆಲ್ಲ ಬೆರಳ ತುದಿಯಲ್ಲಿ ಆಡಿಸುವ ಹೆಂಗಸು. ಮೇಜಿನ ಮುಂದೆ ನಿಂತವರು ಹಾಗೇ ನಿಂತುಬಿಟ್ಟರು.

"ಅಯ್ಯೋ, ಇದು ನಮ್ ಸುಷ್ಮಿತಾ ಮಾಡಿದ್ ರೈಲು ಅಲ್ವೇನೇ! ಅವಳ್ ಮದ್ವೆಗೆ ನೀನು ಜ್ವರ ಬಂದು ಬರ್ಲಿಲ್ಲ, ನಾನು ಕಣ್ಣಾರೆ ನೋಡಿದೀನಿ. ಬಾರೇ ಸುಷ್ಮಿತಾ ಇಲ್ಲಿ!"

"ಅಲ್ಲಕ್ಕ, ಇದು ಲಾವಣ್ಯ ಮಾಡಿರೋದು" ಎಂದರು ರಂಗಮ್ಮ, ನಗುನಗುತ್ತಲೇ.

"ನಂಗೇನ್ ಕಣ್ಣು ಮಂಜೇನೇ? ಇದೇ ರೈಲು. ಊರ್ಗೆಲ್ಲ ಹೇಳ್ಕೊಂಡು ಬಂದಿದೀನಿ ನಾನು."

ಹಿಂದಿನಿಂದ ಮಗು ಎತ್ತಿಕೊಂಡು ಬಂದ ಕೆಂಚಮ್ಮನ ಸೊಸೆಯ ಮುಖ ನೋಡಿದ ದ್ರಾಕ್ಷಾಯಣಿಗೆ ತಕ್ಷಣ ಗುರುತು ಸಿಕ್ಕಿತು. ಕ್ವಾರ್ಟರ್ಸಿನ ಹಿಂದಿನ ಸಾಲಿನ ಹುಡುಗಿ. ಎರಡು ವರ್ಷದ ಕೆಳಗೆ ತಾಯಿಯ ಜೊತೆ ಬಂದು ರೈಲು ಇಸಕೊಂಡು ಹೋಗಿದ್ದವಳು. ಆಮೇಲೆ ಅವಳ ತಂದೆಗೆ ವರ್ಗವಾಗಿ ಮನೆಯವರೆಲ್ಲ ಊರು ಬಿಟ್ಟಿದ್ದರು; ಹುಡುಗಿ ಯಾವ ಮನೆ ಸೇರಿದಳೆಂದು ಇವಳು ಕೇಳಿಯೂ ಇರಲಿಲ್ಲ. ಅತ್ತೆಗೆ ಕಾಣದಂತೆ ಸುಷ್ಮಿತಾ ದ್ರಾಕ್ಷಾಯಣಿಯನ್ನು ನೋಡಿದ ನೋಟದಲ್ಲಿ ಕೈಮುಗಿಯುವುದೊಂದು ಬಾಕಿ.

ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ನಾನು ಮಾಡಿದ್ದು ಎಂದರೆ ನಿಜ. ಆದರೆ ಆ ನಿಜ ಎರಡು ಹುಡುಗಿಯರನ್ನೂ ಒಂದೇ ಏಟಿಗೆ ಕೆಡವುತ್ತದೆ. ಲಾವಣ್ಯಳದೇ ಎಂದರೆ ಈ ಕೆಂಚಮ್ಮನ ಕೈಕೆಳಗೆ ಸುಷ್ಮಿತಾ ಬದುಕಿರುವವರೆಗೂ ಮಾತು ತಿನ್ನಬೇಕು. ರಂಗಮ್ಮನ ನಗು ಆಗಲೇ ಅರ್ಧಕ್ಕೆ ಇಳಿದಿತ್ತು. ಬೆಳಗಾದರೆ ಧಾರೆ.

"ಇದು ಸುಷ್ಮಿತಂದೇ ಕಣ್ರೀ" ಎಂದಳು ದ್ರಾಕ್ಷಾಯಣಿ. ತನ್ನ ದನಿ ತನಗೇ ದೂರದಿಂದ ಕೇಳಿಸಿತು. "ಇವರಪ್ಪಂಗೆ ವರ್ಗ ಆದಾಗ ನಮ್ಮನೇಲಿ ಬಿಟ್ಟುಹೋಗಿದ್ರು. ನೀವು ಕೇಳಿದ್ರಲ್ಲ, ಹುಡುಗೀದಾ ಅಂತ, ಹೂಂ ಅಂದಿದ್ದು ನಾನು. ಲಾವಣ್ಯ ಅವತ್ತೇ ನಂಗೆ ಬೈದ್ಲು. ಸುಳ್ಳು ನಂದು, ಅವಳ್ದಲ್ಲ. ಏನಾದ್ರೂ ಅನ್ನೋದಿದ್ರೆ ನಂಗನ್ನಿ."

ಓಲಗದವರು ಅದೇ ಹೊತ್ತಿಗೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ್ದರು. ದ್ರಾಕ್ಷಾಯಣಿ ಸೆರಗಿನ ತುದಿಯನ್ನು ಹಿಂಡುತ್ತಾ ನಿಂತಳು.

"ನನ್ ಮುಂದೆ ಸುಳ್ಳು ಹೇಳ್ಬಾರ್ದಿತ್ತು ನೀವು" ಎಂದರು ರಂಗಮ್ಮ ಕಡೆಗೆ. ಆಮೇಲೆ, ದೂರದಲ್ಲಿ ತಲೆತಗ್ಗಿಸಿ ಕೂತಿದ್ದ ಲಾವಣ್ಯಳ ಕಡೆ ನೋಡಿ, ದನಿ ತಗ್ಗಿಸಿದರು. "ಹೋಗ್ಲಿ ಬಿಡಿ. ಬೈದ್ಲಲ್ಲ ಹುಡುಗಿ, ಅಷ್ಟ್ ಸಾಕು ನಂಗೆ. ಬೆಂಕಿಕಡ್ಡಿ ಅಂಟ್ಸಿದ್ರೆ ಸಂಸಾರ ಆಗ್ತದಾ?"

ಗೆದ್ದವರು ಕೆಂಚಮ್ಮ. ಅವರು ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಿತ್ತಾಳೆಯ ಹಿಡಿಯನ್ನು ಎತ್ತಿ ನೋಡಿದರು.

"ಎರಡ್ ವರ್ಷದಿಂದ ಬಡ್ಕೊಂಡೆ, ತವರಿಂದ ರೈಲು ತಗೊಂಬಾರೇ ಅಂತ. ಪೆಟ್ಟಿಗೆ ಇಲ್ಲ ಅತ್ತೆ, ಬಸ್ಸಲ್ಲಿ ಪುಡಿಯಾಗ್ತದೆ, ಪೆಟ್ಟಿಗೆ ಇಲ್ಲ ಅತ್ತೆ, ಇದೇ ರಾಗ. ಈಗ ಪೆಟ್ಟಿಗೇನೂ ಆಯ್ತಲ್ಲ! ನಾಳೆ ಹೋಗ್ತಾ ತಗೊಂಡೇ ಹೋಗಾಣ."

ದ್ರಾಕ್ಷಾಯಣಿಯ ಕೈ ತಾನಾಗಿ ಪೆಟ್ಟಿಗೆಯ ಮೇಲೆ ಹೋಗಿತ್ತು. ಅವಳು ಅದನ್ನು ನೋಡಿ, ನಿಧಾನವಾಗಿ ತೆಗೆದುಕೊಂಡಳು.

"ಹೌದಲ್ವಾ, ಈಗ ತಗೊಂಡ್ ಹೋಗ್ಬೋದು" ಎಂದಳು.

ಮಾರನೆಯ ದಿನ ಧಾರೆ ಸುಸೂತ್ರವಾಗಿ ಆಯಿತು. ಊಟ ಮುಗಿದು ಬೇಲೂರಿನವರು ಹೊರಟು ನಿಂತಾಗ ದ್ರಾಕ್ಷಾಯಣಿ ತಾನೇ ಹಲಗೆ ಸರಿಸಿ ಪೆಟ್ಟಿಗೆ ಮುಚ್ಚಿದಳು. ಸುಷ್ಮಿತಾ ಮಗುವನ್ನು ಯಾರದೋ ಕೈಗೆ ಕೊಟ್ಟು ಹತ್ತಿರ ಬಂದಳು. ಅವಳ ಕಣ್ಣು ತುಂಬಿತ್ತು.

"ಆಂಟಿ, ನಾನು..."

"ಅಳ್ಬೇಡ, ಅತ್ತೆ ನೋಡ್ತಾರೆ. ಇಲ್ಲಿ ಕೇಳಿಸ್ಕೊ" ಎಂದಳು ದ್ರಾಕ್ಷಾಯಣಿ ಪಿಸುದನಿಯಲ್ಲಿ, ಬಲು ಅವಸರದಿಂದ. ರಾತ್ರಿಯೆಲ್ಲ ಅವಳನ್ನು ಹೊಸ ಚಿಂತೆಯೊಂದು ಕೊರೆದಿತ್ತು: ಯಾರಾದರೂ ಕೇಳಿದರೆ ಈ ಹುಡುಗಿಗೆ ಏನು ಗೊತ್ತು? "ಗಾಲಿ ನಿಮ್ಮಪ್ಪನ ಹಳೇ ಕೋಟಿನ ಗುಂಡಿ ಅನ್ನು. ಕೊಂಡಿ ಎಲ್ಲ ತಲೆಪಿನ್ನು ಬಗ್ಗಿಸಿದ್ದು. ಬೋಗಿ ಬಣ್ಣ ಅಂಗ್ಡೀದಲ್ಲ, ಕೆಮ್ಮಣ್ಣು ಗೋಂದಲ್ಲಿ ಕಲ್ಸಿದ್ದು. ಮೂರನೇ ಬೋಗೀಲಿ ಒಂದು ಕಿಟ್ಕಿ ಸಣ್ಣದಾಗಿದೆ, ಅದ್ಯಾಕೆ ಅಂದ್ರೆ ಆಗ ಬಸುರಿ ಇದ್ದೆ... ಬೇಡ, ಅದು ಬೇಡ. ಕಡ್ಡಿ ಸಾಲ್ದೇ ಬಂತು ಅಂತ ಹೇಳು. ಮಳೆಗಾಲ್ದಲ್ಲಿ ಒಲೆ ಹತ್ರ ಇಡು, ಗೋಂದು ಬಿಡ್ತದೆ. ಗೊತ್ತಾಯ್ತಾ? ಗಾಲಿ ಯಾತರದು?"

"ಅಪ್ಪನ ಕೋಟಿನ ಗುಂಡಿ."

"ಬಣ್ಣ?"

"ಕೆಮ್ಮಣ್ಣು, ಗೋಂದು."

ಅಷ್ಟರಲ್ಲಿ ಬಾಗಿಲ ಕಡೆಯಿಂದ ಕೆಂಚಮ್ಮ ಕೂಗಿದರು. "ಏನ್ರೇ ಅದು ಪಿಸಿಪಿಸಿ? ಬಸ್ಸು ಬಂತು!"

ಸುಷ್ಮಿತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಪೆಟ್ಟಿಗೆಯ ಹಿಡಿ ಹಿಡಿದು ಎತ್ತಿಕೊಂಡಳು.

"ಏನಿಲ್ಲ ಅತ್ತೆ, ಹೆಂಗ್ ಮಾಡ್ದೆ ಅಂತ ಕೇಳ್ತಾ ಇದ್ರು."

ದ್ರಾಕ್ಷಾಯಣಿ ಹೌದೆಂದು ತಲೆಯಾಡಿಸಿದಳು.